ಎರಡು ಕೆಂಪು ಗೆರೆ

"ಕಣ್ಣು ಬಂತು," ಎಂದರು ಗಡಿಯಾರ ರಿಪೇರಿಯವರು, ಪರದೆಯ ಹತ್ತಿರಕ್ಕೆ ಬಗ್ಗಿ. "ನೋಡಿ, ಕಣ್ಣು ಬಂತು."

ಮೊದಲು ಕೂದಲು ಬಂದಿತ್ತು, ಆಮೇಲೆ ಹಣೆ, ಹಣೆಯ ಮೇಲೆ ಎಡಕ್ಕೆ ಸರಿದಿದ್ದ ಒಂದು ಎಳೆ, ಆಮೇಲೆ ನಗುವಾಗ ಸಣ್ಣಗಾದ ಎರಡು ಕಣ್ಣು. ಅಲ್ಲಿಗೆ ಚಿತ್ರ ನಿಂತಿತು. ಕಣ್ಣಿನ ಕೆಳಗಿನಿಂದ ಅಂಚಿನ ತನಕ ಬರೀ ಬೂದು ಬಣ್ಣ, ಗಾರೆ ಮೆತ್ತಿದ ಗೋಡೆಯ ಹಾಗೆ. ಮೂಗಿಲ್ಲ, ಬಾಯಿಲ್ಲ, ನಗುವಿಲ್ಲ. ಬಗ್ಗಿದವರು ಬಗ್ಗಿಯೇ ಇದ್ದರು. ಉಳಿದದ್ದು ನಿಧಾನವಾಗಿ ಬರುತ್ತದೆ ಎಂದುಕೊಂಡಿದ್ದರು, ಪಾಪ.

"ಇನ್ನೂ ಬರ್ತಿದೆಯಾ ಡಾಕ್ಟರೇ?"

ಡಾಕ್ಟರು ಎಂದರೆ ಈ ಫೋಟೋ ಸ್ಟುಡಿಯೋದ ಒಡತಿಯ ತಮ್ಮ. ಔಷಧಿಗೂ ಅವನಿಗೂ ಸಂಬಂಧವಿಲ್ಲ. ಹನ್ನೊಂದು ವರ್ಷದ ಮುದಿ ಕಂಪ್ಯೂಟರನ್ನು ಸಾಯಲು ಬಿಡದೆ ಉಳಿಸಿಕೊಂಡು ಬಂದದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಅವರು ತಮಾಷೆಗೆ ಇಟ್ಟರು, ಇವನು ಬಿರುದು ಎಂದುಕೊಂಡ.

ಅವನು ಚಿತ್ರವನ್ನು ಮುಚ್ಚಿ ಮತ್ತೆ ತೆರೆದ. ಕೂದಲು, ಹಣೆ, ಕಣ್ಣು, ಬೂದು. ಒಂದಕ್ಕೆ ಎರಡಿರಲಿ ಎಂದು ಇನ್ನೊಂದು ಡಿಸ್ಕಿನಲ್ಲಿ ಇಟ್ಟಿದ್ದ ನಕಲನ್ನು ತೆರೆದ. ಅದೂ ಅಷ್ಟೇ, ಅದೇ ಜಾಗದಲ್ಲಿ ಬೂದು. 

"ನಮ್ಮವಳ ಆ ಸೀರಿಯಸ್ಸಾಗಿರೋ ಫೋಟೋ ನನ್ನ ಹತ್ರ ಇದೆ," ಎಂದರು ಗಡಿಯಾರದವರು. "ಅರ್ಜಿಗೆ ಅಂಟಿಸೋಕೆ ತೆಗೆಸಿದ್ದು. ಅದು ಯಾರೋ ಬೇರೆಯವರ ಥರ ಇದೆ. ನನಗೆ ಈ ನಗೋದು ಬೇಕು."

ಸ್ಟುಡಿಯೋದ ಒಡತಿ ಅಕ್ಕನಿಗೂ ಆ ದಿನ ನೆನಪಿತ್ತು. ಎರಡು ವರ್ಷದ ಹಿಂದೆ ಅವರ ಹೆಂಡತಿ ಆ ಸ್ಟೂಲಿನ ಮೇಲೆ ಮೂರು ಸಲ ಬಿಗಿದುಕೊಂಡು ಕೂತಿದ್ದರು. "ಸಾಕು ಏಳಿ, ಪೊಲೀಸ್ ಸ್ಟೇಷನ್ನಲ್ಲಿ ಕೂತ ಹಾಗೆ ಕೂತಿದ್ದೀರಿ" ಎಂದು ಅಕ್ಕ ಅಂದಾಗ ಕಿಸಕ್ಕನೆ ನಕ್ಕುಬಿಟ್ಟಿದ್ದರು. ಅಕ್ಕ ಆಗ ಒತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಅದನ್ನು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ನೋಡಿ, ಮುಂದೆ ಯಾವಾಗಲಾದರೂ ದೊಡ್ಡದಾಗಿ ಹಾಕಿಸೋಣ ಎಂದು ಹೋಗಿದ್ದರು. ಹೋದ ತಿಂಗಳು ಆಕೆ ತೀರಿಕೊಂಡರು.

"ಯಂತ್ರ ಹಳೇದಲ್ವಾ, ಓದೋಕೆ ಕಷ್ಟಪಡ್ತಿದೆ," ಎಂದ ಡಾಕ್ಟರು. "ನೋಡೋಣ. ಸ್ವಲ್ಪ ದಿನ ಟೈಮ್ ಕೊಡಿ."

"ನೋಡಿ, ನೋಡಿ. ನಿಮ್ಮದೂ ನನ್ನದೂ ಒಂದೇ ಕಸುಬು, ನನಗೆ ಗೊತ್ತಾಗಲ್ವಾ? ಅವಸರ ಮಾಡಬೇಡಿ." ಹೊರಟವರು ಭರ್ರೆಂದು ತಿರುಗುತ್ತಿದ್ದ ಫ್ಯಾನಿನ ಹತ್ತಿರ ನಿಂತರು. "ಇದಕ್ಯಾಕೆ ಇಷ್ಟೊಂದು ಗಾಳಿ?"

"ಓಡಬೇಕಾದ್ದಕ್ಕಿಂತ ಜೋರಾಗಿ ಓಡಿಸ್ತಿದ್ದೀನಿ. ಬಿಸಿ ಆಗುತ್ತೆ."

"ಹೌದಾ! ನಮ್ಮಲ್ಲಿ ಹಾಗೆ ಓಡಿದ್ರೆ ಕೆಟ್ಟಿದೆ ಅಂತ ರಿಪೇರಿಗೆ ತಂದುಕೊಡ್ತಾರೆ," ಎಂದು ನಕ್ಕರು ಗಡಿಯಾರದವರು. ಕುಹಕವೇನೂ ಇರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟೇ ಹೇಳಿದ್ದರು.

ಡಾಕ್ಟರು ಹಿಂದೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಜೋಡಿಸುವ ಕೆಲಸದಲ್ಲಿದ್ದ. ಅಂಗಡಿ ಮುಚ್ಚಿತು. ಅಲ್ಲಿಂದ ಅವನು ತಂದದ್ದು ಇದೊಂದೇ, ತನ್ನ ಕೈಯಾರೆ ಕಟ್ಟಿದ್ದು. ಅಕ್ಕ ಯಂತ್ರವನ್ನೂ ತಮ್ಮನನ್ನೂ ಒಟ್ಟಿಗೇ ಸ್ಟುಡಿಯೋಗೆ ಸೇರಿಸಿಕೊಂಡಳು. ತಯಾರಿಸಿದವರು ಇಷ್ಟೇ ವೇಗ ಎಂದು ಗೊತ್ತುಮಾಡಿ ಕಳಿಸಿದ ಚಿಪ್ಪಿಗೆ, ಅಂದರೆ ಯಂತ್ರದ ಮಿದುಳಿಗೆ, ಒಂದಿಷ್ಟು ಹೆಚ್ಚು ಕರೆಂಟು ಉಣಿಸಿ ಅದಕ್ಕಿಂತ ಜೋರಾಗಿ ದುಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಅವನಿಗೆ ಅದರ ಹುಚ್ಚು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಹಾಕಿ, ಒಳಗಿನ ಫ್ಯಾನುಗಳು ಸಾಲದೆಂದು ಎದುರಿಗೆ ಮೇಜಿನ ಫ್ಯಾನೂ ಇಟ್ಟಿದ್ದ. ಫೋಟೋಗೆ ಬಂದವರು "ಒಳಗೆ ಹಿಟ್ಟಿನ ಗಿರಣಿ ಬೇರೆ ಇಟ್ಟಿದ್ದೀರಾ?" ಎಂದು ಕೇಳುತ್ತಿದ್ದರು.

ಮೂರು ವರ್ಷದ ಹಿಂದೆ ಅಕ್ಕ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. "ಹೊಸದೊಂದು ಕಟ್ಟಿಬಿಡು ಕಣೋ. ಇದು ಒಂದು ಫೋಟೋ ತೆರೆಯೋಷ್ಟರಲ್ಲಿ ಬಂದವರು ಆಕಳಿಸ್ತಾರೆ."

ಅವನಿಗೆ ಮುಖಕ್ಕೆ ಹೊಡೆದ ಹಾಗಾಗಿತ್ತು. "ಹೊಸದು ಯಾಕೆ? ಹೊಸದರ ವೇಗ ಇದರಲ್ಲೇ ತೆಗೆದು ತೋರಿಸ್ತೀನಿ, ನೋಡ್ತಿರು."

ತೆಗೆದೂ ತೋರಿಸಿದ. ಚಿಪ್ಪಿನದು ಆಗಲೇ ಮುಗಿದಿತ್ತು, ಈಗ ಮೆಮೊರಿಯ ಸರದಿ. ಅದರ ಕಿವಿಯನ್ನೂ ಹಿಂಡಿ ವೇಗ ಏರಿಸಿದ. ಒಂದು ಭಾನುವಾರ ಬೆಳಗ್ಗೆ ಅಕ್ಕನಿಗೆ ಎರಡು ಫೋಟೋ ಪಟಪಟನೆ ತೆರೆದು ತೋರಿಸಿದಾಗ ಅವಳು, "ಪರವಾಗಿಲ್ವೇ, ಗಟ್ಟಿಗ ಕಣೋ ನೀನು!" ಎಂದಳು. ಅವನಿಗೆ ಯಾರಾದರೂ ಹಾಗೆ ಹೇಳಿ ಎಷ್ಟು ವರ್ಷವಾಗಿತ್ತೋ. ಆಮೇಲೆ ಮೆಮೊರಿ ಸರಿಯಾಗಿ ನೆನಪಿಟ್ಟುಕೊಳ್ಳುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಹಚ್ಚಿ ಊಟಕ್ಕೆ ಹೋದ. ಬಂದು ನೋಡಿದರೆ ಪರದೆಯ ಮೇಲೆ ಎರಡು ಕೆಂಪು ಗೆರೆ. ಕೋಟಿಗಟ್ಟಲೆ ಲೆಕ್ಕದಲ್ಲಿ ಎರಡೇ ಎರಡು ತಪ್ಪು. ವೇಗವನ್ನು ಒಂದು ಮೆಟ್ಟಿಲು ಇಳಿಸಿದ್ದರೆ ಆ ಕೆಂಪು ಹೋಗುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗಟ್ಟಿಗ ಎನಿಸಿಕೊಂಡ ಎರಡು ಗಂಟೆಯೊಳಗೆ ಮೆಟ್ಟಿಲು ಇಳಿಯುವುದು ಹೇಗೆ? ತನ್ನ ನೀಲಿ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ವೇಗದ ಅಂಕಿ ಬರೆದು, ಕೆಳಗೆ "ಎರಡು ತಪ್ಪು. ನಡೆಯುತ್ತೆ" ಎಂದು ಬರೆದ. ಪರೀಕ್ಷೆಯನ್ನು ಮುಚ್ಚಿದ.

ಕ್ಯಾಮೆರಾದ ಕಾರ್ಡಿನಿಂದ ಡಿಸ್ಕಿಗೆ ಹೋಗುವ ಪ್ರತಿ ಚಿತ್ರವೂ ನಡುವೆ ಒಂದು ಕ್ಷಣ ಆ ಮೆಮೊರಿಯಲ್ಲಿ ಕೂತು ಹೋಗಬೇಕು. ಆ ಕ್ಷಣದಲ್ಲಿ ಒಂದು ಅಕ್ಷರ ತಪ್ಪಿದರೆ ಡಿಸ್ಕು ಆ ತಪ್ಪನ್ನೇ ಭದ್ರವಾಗಿ ಇಟ್ಟುಕೊಳ್ಳುತ್ತದೆ, ಅದರಿಂದ ಮಾಡಿದ ಎರಡನೇ ನಕಲಿಗೂ ಅದೇ ತಪ್ಪು ಹೋಗುತ್ತದೆ. ಮೂಲ ಇದ್ದಿದ್ದರೆ ಮತ್ತೆ ನಕಲು ಮಾಡಬಹುದಿತ್ತು. ಆದರೆ ಈ ಸ್ಟುಡಿಯೋದಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುನಿಟ್ಟಿತ್ತು. ಮರುದಿನಕ್ಕೆ ಕ್ಯಾಮೆರಾದಲ್ಲಿ ಹೊಸ ಫಿಲ್ಮ್ ಸುರುಳಿ ತುಂಬಿಡದೆ ಬಾಗಿಲು ಎಳೆಯಬಾರದು. ಸುರುಳಿ ಹೋಗಿ ಕಾರ್ಡು ಬಂದ ಮೇಲೂ ಅಕ್ಕ ಅದನ್ನೇ ಪಾಲಿಸಿದಳು. ದಿನಾ ಸಂಜೆ ನಕಲು ಮುಗಿದ ಕೂಡಲೇ ಕಾರ್ಡನ್ನು ಪೂರ್ತಿ ಅಳಿಸಿ ಕ್ಯಾಮೆರಾಕ್ಕೆ ಹಾಕುತ್ತಿದ್ದಳು. ಅಪ್ಪನ ಕಾಲದಲ್ಲಿ ನೆಗೆಟಿವ್ ಉಳಿಯುತ್ತಿತ್ತು. ಈಗ ಉಳಿಯುತ್ತಿದ್ದದ್ದು ಆ ಪೆಟ್ಟಿಗೆಯನ್ನು ಹಾದು ಬಂದದ್ದು ಮಾತ್ರ.

ಇಷ್ಟೂ ಡಾಕ್ಟರಿಗೆ ಬೂದು ಬಣ್ಣ ಕಂಡ ಮೊದಲ ದಿನವೇ ಹೊಳೆದಿತ್ತು. ಗಡಿಯಾರದವರು ಮೆಟ್ಟಿಲು ಇಳಿಯುವ ಮೊದಲೇ.

"ಈ ನಿನ್ನ ಮುದುಕನಿಗೆ ಓದೋಕೆ ಆಗ್ತಿಲ್ಲ, ಅಷ್ಟೇ ತಾನೇ?" ಎಂದು ಕೇಳಿದಳು ಅಕ್ಕ, ಅವರು ಹೋದ ಮೇಲೆ. "ಹೊಸದಾದ್ರೆ ಓದುತ್ತಲ್ವಾ?"

"ನೋಡೋಣ."

"ನೋಡೋಣ ನೋಡೋಣ ಅಂತಾನೇ ಮೂರು ವರ್ಷ ಆಯ್ತು. ಆ ಮನುಷ್ಯನ ಮುಖ ನೋಡಿದ್ಯಾ? ನಾನು ತೆಗೆದ ಫೋಟೋ ಅದು. ನನ್ನ ಅಂಗಡೀಲಿ ಕಳೆದುಹೋಯ್ತು ಅಂತ ಅವರ ಮುಂದೆ ಹೇಳೋಕೆ ನನ್ನ ಕೈಲಾಗಲ್ಲ. ಹೊಸದು ಕಟ್ಟು."

ಎರಡು ದಿನ ಬಿಟ್ಟು ಗಾಜಿನ ಬೀರುವಿನ ಮೇಲಿನ ಹಲಗೆ ಖಾಲಿಯಾಗಿತ್ತು. ಅಪ್ಪನ ಮರದ ಕ್ಯಾಮೆರಾ ಇದ್ದ ಜಾಗ ಅದು, ಲೆನ್ಸಿನ ಹಿತ್ತಾಳೆಯ ಕಂಠ, ಕರಿ ಬಟ್ಟೆ, ಮೂರು ಕಾಲಿನ ಸ್ಟ್ಯಾಂಡು. ಹಳೆಯ ವಸ್ತು ಕೊಳ್ಳುವವನೊಬ್ಬ ಎಷ್ಟೋ ವರ್ಷದಿಂದ ಬೆನ್ನು ಬಿದ್ದಿದ್ದ. ಅಕ್ಕ ಅವನಿಗೆ ಕೊಡುವುದಿರಲಿ, ಮುಟ್ಟಲೂ ಬಿಟ್ಟಿರಲಿಲ್ಲ. ಈಗ ಹೊಸ ಯಂತ್ರದ ದುಡ್ಡಿಗೆಂದು ಬೆಳಗ್ಗೆ ಅವನನ್ನು ಕರೆಸಿದ್ದಳು. ವಾಹನ ಹೊರಗೆ ನಿಂತಿತ್ತು, ಅವನು ಕ್ಯಾಮೆರಾವನ್ನು ಕಂಬಳಿಯಲ್ಲಿ ಸುತ್ತುತ್ತಿದ್ದ.

"ಅಕ್ಕಾ," ಎಂದ ಡಾಕ್ಟರು.

"ಏನೋ?"

ಹೇಳಲು ಇದ್ದ ಹೊತ್ತು ಅದೊಂದೇ. ಬಾಯಿ ತೆರೆದರೆ ಕ್ಯಾಮೆರಾ ಉಳಿಯುತ್ತಿತ್ತು, ಡಾಕ್ಟರು ಎಂಬ ಹೆಸರು ಹೋಗುತ್ತಿತ್ತು. ಅವನು ಅಕ್ಕನನ್ನು ನೋಡಿದ, ಕಂಬಳಿಯ ಗಂಟನ್ನು ನೋಡಿದ.

"ಏನಿಲ್ಲ. ಪವರ್ ಸಪ್ಲೈ ಮಾತ್ರ ಒಳ್ಳೇದೇ ತಗೋಬೇಕು."

"ಒಳ್ಳೇದೇ ತಗೋ. ಯಾವುದರಲ್ಲೂ ಜುಗ್ಗತನ ಮಾಡಬೇಡ," ಎಂದಳು ಅಕ್ಕ. ಮೂಗು ಒರೆಸಿಕೊಂಡು ಒಳಗೆ ಹೋದಳು.

ಅರ್ಧ ದಿನದ ಕೆಲಸವನ್ನು ಅವನು ಆರು ದಿನ ಎಳೆದ. ಒಂದು ದಿನ ಸ್ಕ್ರೂ ಸರಿಯಿಲ್ಲ ಎಂದ, ಇನ್ನೊಂದು ದಿನ ಕೇಬಲ್ ಗಿಡ್ಡ ಎಂದ. ನಾಚಿಕೆಗೇಡಿನ ಮಾತೆಂದರೆ, ನಡುನಡುವೆ ಅವನಿಗೆ ಖುಷಿಯೂ ಆಗುತ್ತಿತ್ತು. ಹೊಸ ಚಿಪ್ಪನ್ನು ಅದರ ಗೂಡಿನಲ್ಲಿ ಕೂರಿಸಿ ಸಣ್ಣ ಕೊಂಡಿಯನ್ನು ಒತ್ತಿದಾಗ ಸಿಳ್ಳೆ ಹಾಕಿದ, ಹಾಕಿ ಥಟ್ಟನೆ ನಿಲ್ಲಿಸಿದ. ಗಡಿಯಾರದವರು ದಿನಾ ಸಂಜೆ ಬಾಗಿಲಲ್ಲಿ ತಲೆ ಹಾಕಿ, "ಅವಸರ ಇಲ್ಲ, ಸುಮ್ನೆ ಬಂದೆ," ಎಂದು ಹೋಗುತ್ತಿದ್ದರು. ಏಳನೇ ದಿನ ಎಳೆಯಲು ಯಾವ ನೆಪವೂ ಉಳಿಯಲಿಲ್ಲ. ಹಳೆಯ ಡಿಸ್ಕನ್ನು ಬಿಚ್ಚಿ ಹೊಸ ಪೆಟ್ಟಿಗೆಗೆ ಹಾಕಿದ. ಹಳೆಯ ಪೆಟ್ಟಿಗೆಯೊಳಗಿನ ಫ್ಯಾನುಗಳು ನಿಂತದ್ದಕ್ಕೆ, ಮೇಜಿನ ಫ್ಯಾನು ತಿರುಗುತ್ತಿದ್ದರೂ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಸ್ಟುಡಿಯೋದಲ್ಲಿ ಗೋಡೆಯ ಗಡಿಯಾರದ ಸದ್ದು ಕೇಳಿಸಿತು.

ಗಡಿಯಾರದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕಂಕುಳಲ್ಲಿ ಕಾಗದ ಸುತ್ತಿದ್ದ ಒಂದು ಚೌಕಟ್ಟು.

"ಮೊದಲೇ ಮಾಡಿಸಿಬಿಟ್ಟೆ," ಎಂದರು ಸಂಕೋಚದಿಂದ. "ಅಳತೆ ಬರ್ಕೊಳ್ಳಿ ಮೇಡಂ, ಪ್ರಿಂಟು ಇದಕ್ಕೆ ಸರಿಯಾಗಿ ಕೂತರೆ ಸಾಕು."

ಅಕ್ಕ ಟೇಪು ಹಿಡಿದು ಅಳೆದಳು. ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ನೀಲಿ ನೋಟ್‌ಬುಕ್ಕು. ಖಾಲಿ ಹಾಳೆ ಹುಡುಕುತ್ತಾ ಪುಟ ಮಗುಚಿದಳು. ಒಂದು ಪುಟದಲ್ಲಿ ಅವಳ ಬೆರಳು ನಿಂತಿತು. ಡಾಕ್ಟರು ಅದನ್ನು ನೋಡಿದ. ಅವನ ಕೈ ಮೌಸಿನ ಮೇಲಿತ್ತು, ಗಡಿಯಾರದವರು ಅವನ ಭುಜದ ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಅವನು ಒತ್ತಿದ.

ಬೆರಳು ಮೇಲೇಳುವ ಮೊದಲೇ ಚಿತ್ರ ಬಂದಿತ್ತು. ಕೂದಲು, ಹಣೆ, ಕಣ್ಣು, ಬೂದು, ಎಲ್ಲವೂ ಒಟ್ಟಿಗೆ.

ಅಕ್ಕ ನೋಟ್‌ಬುಕ್ಕನ್ನು ಅವನ ಮುಂದೆ ಇಟ್ಟಳು. "ಇದೇನೋ? ಎರಡು ತಪ್ಪು, ನಡೆಯುತ್ತೆ ಅಂದ್ರೆ?"

ಅವನು ಹೇಳಿದ. ಮೇಜನ್ನು ನೋಡಿಕೊಂಡೇ ಹೇಳಿದ. ನಕಲು ಮಾಡುವಾಗಲೇ ಚಿತ್ರ ಕೆಟ್ಟಿದೆ, ಯಾವ ಯಂತ್ರ ತಂದರೂ ಇಷ್ಟೇ ಬರುತ್ತದೆ, ಇದೊಂದೇ ಕೆಟ್ಟಿದೆ ಎಂದೂ ಹೇಳಲಾಗುವುದಿಲ್ಲ ಎಂದ.

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ."

"ಕ್ಯಾಮೆರಾ ಕೊಡೋ ಮುಂಚೆ?"

ಅಕ್ಕ ಬೀರುವಿನ ಖಾಲಿ ಹಲಗೆಯನ್ನೊಮ್ಮೆ ನೋಡಿದಳು. ಬೈದಿದ್ದರೆ, ಎರಡು ಬಾರಿಸಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಅಳತೆಯ ಟೇಪನ್ನು ಸುತ್ತಿಟ್ಟಳು.

ಗಡಿಯಾರದವರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಒಂದು ಮಾತು ಕೇಳ್ತೀನಿ ಡಾಕ್ಟರೇ," ಎಂದರು. ದನಿ ಏರಲಿಲ್ಲ. "ಹಾಗೆ ಜೋರಾಗಿ ಓಡಿಸಿದ್ರಲ್ಲ. ಎಷ್ಟು ಹೊತ್ತು ಉಳೀತು?"

"ಅಂದ್ರೆ?"

"ಒಂದು ಫೋಟೋ ತೆರೆಯೋಕೆ. ಮೊದಲಿಗಿಂತ ಎಷ್ಟು ಹೊತ್ತು ಉಳೀತು?"

ಇಳಿಸದೆ ಬಿಟ್ಟ ಆ ಒಂದು ಮೆಟ್ಟಿಲಿನ ಅಂಕಿ ಅವನಿಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲೇ ಇತ್ತು. "ಅರ್ಧ ಸೆಕೆಂಡು," ಎಂದ.

ಗಡಿಯಾರದವರು ಅದನ್ನು ಮನಸ್ಸಿನಲ್ಲೇ ಅಳೆಯುವವರ ಹಾಗೆ ಗೋಡೆಯ ಗಡಿಯಾರವನ್ನು ನೋಡಿದರು. ಆಮೇಲೆ ತಲೆಯಾಡಿಸಿದರು. ಚೌಕಟ್ಟಿನ ಕಾಗದವನ್ನು ಮತ್ತೆ ಸುತ್ತಲು ಹೋದರು, ಅರ್ಧಕ್ಕೇ ಬಿಟ್ಟು ಅದನ್ನು ಮೇಜಿನ ಮೇಲಿಟ್ಟರು.

"ಇದು ಇಲ್ಲೇ ಇರ್ಲಿ ಮೇಡಂ. ಯಾರಿಗಾದ್ರೂ ಅಳತೆ ಸರಿಹೋದ್ರೆ ಕೊಟ್ಟುಬಿಡಿ."

ಅವರು ಮೆಟ್ಟಿಲು ಇಳಿದು ಹೋದ ಮೇಲೆ ಅಕ್ಕ ಸ್ಟೂಲನ್ನು ಎಳೆದುಕೊಂಡು ತಮ್ಮನ ಪಕ್ಕ ಕೂತಳು. ಫೋಟೋಗೆ ಕೂರುವವರ ಸ್ಟೂಲು ಅದು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು.

"ಆ ತಾರೀಕಿನಿಂದ ಶುರುಮಾಡು," ಎಂದಳು. "ಒಂದೊಂದಾಗಿ."

ಅವನು ತೆರೆದ. ಕನ್ನಡಕದ ಮುದುಕರೊಬ್ಬರು, ಪೂರ್ತಿ ಇದ್ದರು. "ಮುಂದೆ." ಹೊಟ್ಟೆಯ ಮೇಲೆ ಮಲಗಿ ತಲೆ ಎತ್ತಿದ ಕೂಸು, ಪೂರ್ತಿ. "ಮುಂದೆ." ಹೊಸ ಕೋಟಿನ ಗಂಡ, ಪಕ್ಕದಲ್ಲಿ ಹೆಂಡತಿ, ಇಬ್ಬರಿಗೂ ಎದೆಯಿಂದ ಕೆಳಗೆ ಬೂದು. ಅಕ್ಕ ಅದರ ನಂಬರನ್ನು "ನಡೆಯುತ್ತೆ" ಎಂಬುದರ ಕೆಳಗೆ ಬರೆದಳು.

"ಮುಂದೆ," ಎಂದಳು.

ಮೂಲೆಯಲ್ಲಿ ಹಳೆಯ ಪೆಟ್ಟಿಗೆ ಪಕ್ಕ ತೆರೆದುಕೊಂಡು ಬಿದ್ದಿತ್ತು. ಅದರ ಎದುರಿನ ಫ್ಯಾನನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ, ಅದು ಸುಮ್ಮನೆ ತಿರುಗುತ್ತಿತ್ತು. ಹೊಸ ಯಂತ್ರ ಒಂದೊಂದು ಮುಖವನ್ನೂ ಕೇಳಿದ ಕೂಡಲೇ ತೆರೆದು ತೋರಿಸಿತು. ಎಲ್ಲೂ ತಡವಾಗಲಿಲ್ಲ.