ಜಾಸ್ಮಿನ್ ಜೀನ್ಸಿನ ಕಾಣದ ಮುದ್ರೆ

ಅದಿರು ಲಾರಿಗಳು ಬಳ್ಳಾರಿಯನ್ನು ಕೆಂಪಗೆ ಮಾಡುತ್ತಿದ್ದ ವರ್ಷಗಳವು. ಗಣಿಯ ದುಡ್ಡು ಕಂಡ ಹುಡುಗರೆಲ್ಲ ಜೀನ್ಸ್ ಏರಿಸಿದ್ದರು. ಲಾರಿ ಹಾದಿಯ ಪಕ್ಕದಲ್ಲೇ ಪ್ಯಾಂಟು ಹೊಲಿಸುತ್ತಿದ್ದ ಮುಸ್ತಾಕನಿಗೆ ಇದರಿಂದ ಖುಷಿಯಾಗಬೇಕಿತ್ತು, ಆದದ್ದು ಹೊಟ್ಟೆಯುರಿ. ಮಗಳ ಹೆಸರಿಟ್ಟು ಅವನು ತಂದ ‘ಜಾಸ್ಮಿನ್’ ಜೀನ್ಸನ್ನು ಸಿರುಗುಪ್ಪದ ಗಾಳೆಪ್ಪನೆಂಬ ಮಹಾಶಯ, ಹಳೇ ಅಕ್ಕಿ ಮಿಲ್ಲಿನ ಗೋದಾಮಿನಲ್ಲಿ ಲೇಬಲ್ ಸಮೇತ ನಕಲು ಹೊಡೆಯುತ್ತಿದ್ದ. ಕುರುಗೋಡಿನಲ್ಲಿ ಒಬ್ಬ ಮದುಮಗ ಆ ನಕಲಿ ಪ್ಯಾಂಟು ತೊಟ್ಟು ಪಂಕ್ತಿಗೆ ಕೂತದ್ದೇ ತಡ, ಅದು ಚರ್ರೆಂದು ಹರಿಯಿತು. ಊರೆಲ್ಲ ಬೈದದ್ದು ಜಾಸ್ಮಿನ್‌ಗೆ. ಯಾವ ಅಪ್ಪ ಸಹಿಸಿಯಾನು?

ಮುಸ್ತಾಕ ಹೈದರಾಬಾದಿನಿಂದ ಕಾಣದ ಶಾಯಿ ತರಿಸಿದ. ಬರಿಗಣ್ಣಿಗೆ ಏನೂ ಇಲ್ಲ, ನೇರಳೆ ದೀಪ ಹಿಡಿದರೆ ಮಾತ್ರ ಮುದ್ರೆ ಫಳಫಳ. ಎಲ್ಲ ಪ್ಯಾಂಟಿನ ಜೇಬಿನೊಳಗೂ ಗುಟ್ಟಾಗಿ ಒತ್ತಿಸಿದ.

“ದೀಪಾ ಆಮ್ಯಾಲ ನೋಡೀರಂತ. ಮಾಳಿಗಿ ಮ್ಯಾಲ ಒಣಹಾಕಿದ ಪ್ಯಾಂಟೆಲ್ಲಾ ಧೂಳು ಹಿಡದಾವು,” ಎಂದಳು ಹೆಂಡತಿ ಇರ್ಫಾನಾ.

“ಬಳ್ಳಾರ್ಯಾಗ ಧೂಳಿಲ್ಲದ ಮನಿ ಯಾವುದೈತಿ? ಸುಮ್ನಿರು,” ಎಂದ.

ಅತ್ತ ಎರಡೂ ಕಡೆಯ ಮಾಲು ಮಾರುತ್ತಿದ್ದ ಸಿರುಗುಪ್ಪದ ಬಟ್ಟೆ ವ್ಯಾಪಾರಿ ಅಯ್ಯಣ್ಣ, ಮುಸ್ತಾಕನಿಗೂ ಗಾಳೆಪ್ಪನಿಗೂ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ: “ಇಬ್ಬರೂ ಬರ್ರಿ. ಅಸಲಿ ಯಾರದಂತ ತೋರಿಸ್ರಿ. ಸೋತವರು ಆ ಹೆಸರು ಬಿಡಬೇಕು.” ಮಗಳ ಹೆಸರೇ ಪಣಕ್ಕೆ ಬಿತ್ತು.

ದೀಪಕ್ಕೆ ಕತ್ತಲು ಬೇಕಲ್ಲ, ಮೂವರೂ ಅಂಗಡಿಯ ಟ್ರಯಲ್ ರೂಮಿನಲ್ಲಿ ತುರುಕಿಕೊಂಡು ಪರದೆ ಎಳೆದರು. ಮುಸ್ತಾಕ ಬಿಸ್ಮಿಲ್ಲಾ ಅಂದು ಗುಂಡಿ ಒತ್ತಿದ. ಮೊದಲು ಹೊಳೆದದ್ದು ಅಯ್ಯಣ್ಣನ ಪಂಚೆ. ಆಮೇಲೆ ಅವನ ಹಲ್ಲು. ಗಾಳೆಪ್ಪ ತಂದಿದ್ದ ಪ್ಯಾಂಟಿನ ಜೇಬು ಹೊರಗೆಳೆದರೆ ಹುಣ್ಣಿಮೆ ಚಂದ್ರನ ಹಾಗೆ ಬೆಳಗಿತು. ಮುಸ್ತಾಕ ತಂದದ್ದರ ಜೇಬು ಮಾತ್ರ ಕಗ್ಗತ್ತಲು.

“ಹಂಗಾದ್ರ ನಂದ ಅಸಲಿ ಆತಲ್ಲರಿ,” ಎಂದ ಗಾಳೆಪ್ಪ. ಅವನಿಗೇ ನಂಬಿಕೆ ಬಂದಿರಲಿಲ್ಲ.

ಮುಸ್ತಾಕನಿಗೆ ತನ್ನ ಎಡವಟ್ಟು ಆಗ ಅರ್ಥವಾಯಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದ ಮೇಲೆ ಕಲ್ಲು ಹಾಕಿ ಗಿರಗಿರ ತಿರುಗಿಸಿ ತೊಳೆಯುತ್ತಾರೆ. ಅವನು ರೂಢಿಯಂತೆ ತೊಳೆಯುವ ಮೊದಲು ಲೇಬಲ್ ಹಚ್ಚುವಾಗಲೇ ಮುದ್ರೆಯನ್ನೂ ಒತ್ತಿಸಿದ್ದ, ಶಾಯಿ ಕಲ್ಲಿಗೆ ಸವೆದು ಚರಂಡಿ ಸೇರಿತ್ತು. ಗಾಳೆಪ್ಪ ತೊಳೆಯುವ ಗೋಜಿಗೇ ಹೋದವನಲ್ಲ. ಜೇಬಿನ ಹೊಸ ಬಿಳಿ ಬಟ್ಟೆಗೆ ನೇಯುವ ಮಿಲ್ಲಿನವರು ಹಾಕುವ ಹೊಳಪು ಆ ದೀಪಕ್ಕೆ ತಾನಾಗಿಯೇ ಮಿಂಚುತ್ತದೆ, ಅಯ್ಯಣ್ಣನ ಪಂಚೆಯ ಹಾಗೆ. ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ. ಸೋತವನ ಮಾತು ಯಾರಿಗೆ ಬೇಕು? ಅಯ್ಯಣ್ಣ ಪರದೆ ಸರಿಸಿದ.

ಮುಸ್ತಾಕನಿಗೆ ಅಳುವೇ ಬಂತು. ಜಾಸ್ಮಿನ್‌ಗೆ ಏನಂತ ಹೇಳುವುದು? ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕದ್ದು ತನ್ನದೇ ಪ್ಯಾಂಟಿನ ಜೇಬು. ಒರೆಸಿದ. ಮುಖವೆಲ್ಲ ಕೆಂಪಾಯಿತು.

ಅಯ್ಯಣ್ಣ ಅವನ ಮುಖವನ್ನೇ ದಿಟ್ಟಿಸಿದ. ಪ್ಯಾಂಟು ಇಸಿದುಕೊಂಡು ಜೇಬು ಕೊಡವಿದ, ಅದಿರಿನ ಕೆಂಪು ಧೂಳು ಉದುರಿತು. ಗಾಳೆಪ್ಪನ ಜೇಬು ಕೊಡವಿದ, ಭತ್ತದ ಹೊಟ್ಟು ಉದುರಿತು.

“ಯಾವುದು ಬಳ್ಳಾರಿ ಮಾಲು, ಯಾವುದು ಗೋದಾಮಿನ ಮಾಲು ಅಂತ ತಿಳೀತು ಬಿಡ್ರಿ,” ಎಂದ. “ಮೊದಲ ಆ ದೀಪಾ ಆರಸ್ರಿ, ಕಣ್ಣು ಕುಕ್ಕತೈತಿ.”

ಮುಸ್ತಾಕ ಮನೆಗೆ ಬಂದವನೇ ಇರ್ಫಾನಾಳ ಕೈಯಿಂದ ಪೊರಕೆ ಕಿತ್ತುಕೊಂಡ. “ಇನ್ನ ಮಾಳಿಗಿ ಗುಡಸಬ್ಯಾಡ,” ಎಂದ. ಅವಳು ಅವನ ಕೆಂಪು ಮುಖ ನೋಡಿ, ಬಿಸಿಲಿಗೆ ತಲೆ ಕೆಟ್ಟಿರಬೇಕು ಅಂದುಕೊಂಡಳು.

ಮುಂದಿನ ವಾರ ಲಾರಿ ಹಾದಿಯಲ್ಲಿ ಒಬ್ಬಾತ ಬಗ್ಗಿ ಗೋಣಿಚೀಲಕ್ಕೆ ಧೂಳು ತುಂಬುತ್ತಿದ್ದ. ಮುಸ್ತಾಕ ಬೈಕು ನಿಲ್ಲಿಸಿದ. ಗಾಳೆಪ್ಪ ಒಂಚೂರೂ ನಾಚದೆ ಚೀಲದ ಬಾಯಿ ಬಿಚ್ಚಿ ತೋರಿಸಿದ.

“ಅಸಲಿ ಮಾಲರಿ. ಬೇಕಾದ್ರ ದೀಪಾ ಹಾಕಿ ನೋಡ್ರಿ.”