ಅಜ್ಜಿಯ ಮೊದಲ ತುಂಡು

ನಿಸರ್ಗಳ ಮೊಬೈಲಿನಲ್ಲಿ ಒಂದು ಪಟ್ಟಿ ಇತ್ತು. ಅದರಲ್ಲಿ ಸಿನಿಮಾ, ಸಿಹಿ, ತಿಂಡಿ ಎಂಬ ಭೇದಭಾವವಿರಲಿಲ್ಲ. ಎಲ್ಲಕ್ಕೂ ಐದರಲ್ಲಿ ಅಂಕ. ತಿಪಟೂರು ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲಿನ ಈರುಳ್ಳಿ ದೋಸೆಗೆ ನಾಲ್ಕು. ಕಳೆದ ತಿಂಗಳು ಬಂದ ಸಿನಿಮಾಕ್ಕೆ ಒಂದೂವರೆ, ಅದರಲ್ಲಿ ಅರ್ಧ ಹೀರೋನ ಕುದುರೆಗೆ. ಕಾಲೇಜು ಕ್ಯಾಂಟೀನಿನ ಪಲಾವಿಗೆ ಸೊನ್ನೆ ಕೊಟ್ಟು ಪಕ್ಕದಲ್ಲಿ ‘ಬಟಾಣಿ ಹುಡುಕಿಕೊಟ್ಟವರಿಗೆ ಬಹುಮಾನ’ ಎಂದು ಬರೆದಿದ್ದಳು. ಬಿ.ಕಾಂ. ಎರಡನೇ ವರ್ಷದ ಪಾಠ ಅರ್ಧ ತಲೆಗೆ ಹತ್ತದಿದ್ದರೂ, ಯಾವ ಬೀದಿಯ ಜಿಲೇಬಿ ಎಷ್ಟು ಹೊತ್ತಿಗೆ ಬಾಣಲೆಯಿಂದ ಏಳುತ್ತದೆ ಎಂಬುದು ಬಾಯಿಪಾಠ. ಇಂಥವರನ್ನು ಹೊಟ್ಟೆಬಾಕರು ಎಂದು ಮೂಗು ಮುರಿಯುವ ಜನಕ್ಕೇನೂ ಬರವಿಲ್ಲ. ಅಂಥವರ ಮನೆಯಲ್ಲಿ ಮಾತ್ರ ಊಟಕ್ಕೆ ಕೂರಬಾರದು.

ಆ ಪಟ್ಟಿಯಲ್ಲಿ ಐದಕ್ಕೆ ಐದು ಸಿಕ್ಕಿದ್ದು ಒಂದೇ ಒಂದಕ್ಕೆ. ಅದು ಅವಳ ಅಜ್ಜಿ ಸಿದ್ದಗಂಗಮ್ಮನ ಕೊಬ್ಬರಿ ಮಿಠಾಯಿ. ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ಹೆಂಗಸು ಆಕೆ. ಕಿಬ್ಬನಹಳ್ಳಿ ಸುತ್ತಮುತ್ತ ಯಾರ ಮನೆಯಲ್ಲಿ ನಿಶ್ಚಿತಾರ್ಥವಾದರೂ ಬಾಯಿ ಸಿಹಿ ಮಾಡಲು ಸಿದ್ದಗಂಗಮ್ಮನ ಮಿಠಾಯಿಯೇ ಆಗಬೇಕು. ಪಾಕ ಇಳಿಸಿ ತಟ್ಟೆಗೆ ಹರಡುವ ಮುಂಚೆ ಅಜ್ಜಿ ಒಂದು ಉಂಡೆ ತೆಗೆದು ನಿಸರ್ಗಳ ಬಾಯಿಗಿಡುತ್ತಿದ್ದಳು. ಆಮೇಲೆ ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಹುಡುಗಿಗೆ ಹಲ್ಲು ಬಂದಾಗಿನಿಂದ ಇದು ನಡೆದುಬಂದಿತ್ತು. ಒಬ್ಬಳೇ ಮೊಮ್ಮಗಳು, ಮುದ್ದು ಜಾಸ್ತಿ ಎಂದು ಎಲ್ಲರೂ ತಿಳಿದಿದ್ದರು. ನಿಸರ್ಗಳೂ ಹಾಗೇ ತಿಳಿದಿದ್ದಳು.

ಆ ಶುಕ್ರವಾರ ಸಂಜೆ ಐದಕ್ಕೆ ಎದುರುಮನೆ ಭಾನುಪ್ರಿಯಾಳ ನಿಶ್ಚಿತಾರ್ಥ. ತುರುವೇಕೆರೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅದೇ ಶುಕ್ರವಾರ ತಿಪಟೂರಿನಲ್ಲಿ ಹೊಸ ಸಿನಿಮಾ ಬಿಡುಗಡೆ. ನಿಸರ್ಗ ಬೆಳಿಗ್ಗೆ ಒಂಬತ್ತಕ್ಕೇ ಚಪ್ಪಲಿ ಮೆಟ್ಟಿದಳು.

“ಹತ್ತೂವರೆಗೆ ಪಾಕ ಇಳಿಸ್ತೀನಿ, ಇರೇ” ಎಂದಳು ಅಜ್ಜಿ. ನೆಗಡಿಯಾಗಿ ಅವಳ ದನಿ ಮಡಕೆಯೊಳಗಿಂದ ಬಂದಂತಿತ್ತು.

“ಒಂದು ತುಂಡು ಎತ್ತಿಟ್ಟಿರಜ್ಜಿ, ಬಂದು ತಿಂತೀನಿ. ನಿಖತ್ ಟಿಕೆಟ್ ತಗಂಡವ್ಳೆ ಕಣಜ್ಜಿ, ಮೊದಲ್ನೇ ಶೋ!”

ಅಜ್ಜಿ ಏನೋ ಹೇಳಲು ಬಾಯಿ ತೆರೆದವಳು, “ಹೂಂ, ಹೋಗ್ಬಾ” ಎಂದುಬಿಟ್ಟಳು.

ನಿಖತ್ ಅವಳ ಸಹಪಾಠಿ, ಮೆಕ್ಯಾನಿಕ್ ಗಯಾಜ್‌ನ ಮಗಳು. ಇಬ್ಬರೂ ಮೂರನೇ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದರು. ಪರದೆಯ ತುಂಬ ನಾಯಕಿಯ ಮುಖ ಬಂದು, ಆಕೆ ಮಾತೇ ಆಡದೆ ಬರೀ ಹುಬ್ಬಿನಲ್ಲಿ ದುಃಖ ತೋರಿಸಿದಾಗ ನಿಸರ್ಗ ಉಸಿರು ಬಿಡುವುದನ್ನೇ ಮರೆತಳು. ಹೊರಗೆ ಬಂದು ನಾಲ್ಕೂವರೆ ಕೊಟ್ಟಳು.

ಮನೆಗೆ ಬಂದಾಗ ಎರಡು ಗಂಟೆ. ಅಮ್ಮ ವಿಮಲಮ್ಮ ಎದುರುಮನೆಯಲ್ಲಿ ಹೂ ಕಟ್ಟುತ್ತಿದ್ದಳು. ನಡುಮನೆಯಲ್ಲಿ ನೂರೈವತ್ತು ತುಂಡು ಮಿಠಾಯಿ ಎರಡು ದೊಡ್ಡ ಡಬ್ಬದಲ್ಲಿ ಕೂತಿತ್ತು. ನಿಸರ್ಗ ತನ್ನ ಪಾಲಿನ ತುಂಡನ್ನು ಬಾಯಿಗೆ ಹಾಕಿಕೊಂಡಳು.

ಮೊದಲು ಬೆಲ್ಲ ಬಂತು, ಏಲಕ್ಕಿ ಬಂತು. ಅದರ ಬೆನ್ನಿಗೇ ನಾಲಿಗೆಯ ಬುಡಕ್ಕೆ ಇನ್ನೇನೋ ಬಂದು ಹತ್ತಿಕೊಂಡಿತು. ಕಮಟು. ಎಲ್ಲೋ ಒಂದು ಕೊಬ್ಬರಿ ಒಳಗೇ ಕೆಟ್ಟಿತ್ತು, ತುರಿದಾಗ ಎಲ್ಲದರ ಜೊತೆ ಬೆರೆತುಹೋಗಿತ್ತು. ಬಾಯಿ ಸಿಹಿ ಮಾಡುವ ಹೊತ್ತಿನಲ್ಲಿ ಬೀಗರ ಬಾಯಿ ಕೆಟ್ಟರೆ ಭಾನುಪ್ರಿಯಾಳ ಗತಿಯೇನು? ಐವತ್ತು ವರ್ಷ ಕಟ್ಟಿಕೊಂಡ ಅಜ್ಜಿಯ ಹೆಸರಿನ ಗತಿಯೇನು?

“ಅಪ್ಪಾ, ನೀವು ಇದನ್ನ ತಿಂದ್ರಾ?”

“ಅಜ್ಜಿ ಕೊಟ್ಟಿತ್ತಲ್ಲ, ತಿಂದೆ. ಚೆನ್ನಾಗೈತೆ” ಎಂದ ದಯಾನಂದ್, ಪೇಪರಿನಿಂದ ತಲೆ ಎತ್ತದೆ.

ಅಡುಗೆಮನೆಯಲ್ಲಿ ಅಜ್ಜಿ ಬಾಣಲೆ ತೊಳೆಯುತ್ತಿದ್ದಳು. ನಿಸರ್ಗ ಬಾಗಿಲಲ್ಲಿ ನಿಂತಳು. ಅವಳು ಬಾಯಿ ಬಿಡುವ ಮೊದಲೇ ಅಜ್ಜಿ ಅವಳ ಮುಖ ನೋಡಿದಳು. ಬಾಣಲೆ ಕೈಯಿಂದ ಕೆಳಗಿಳಿಯಿತು.

“ಕಮಟಾಗೈತಾ?”

“ನಿಮಗೆ ಹೆಂಗೆ ಗೊತ್ತಾಯ್ತು?”

“ನಿನ್ನ ಮೂತೀಲೇ ಬರ್ದೈತಲ್ಲ.”

“ಮತ್ತೆ ನೀವ್ಯಾಕಜ್ಜಿ ಒಂಚೂರು ಬಾಯಿಗೆ ಹಾಕ್ಕೊಂಡು ನೋಡ್ಲಿಲ್ಲ?” ನಿಸರ್ಗಳಿಗೆ ಸಿಟ್ಟು ಬಂದಿತ್ತು. ಸಿಟ್ಟು ತನ್ನ ಮೇಲೋ ಅಜ್ಜಿಯ ಮೇಲೋ ಅವಳಿಗೇ ತಿಳಿಯಲಿಲ್ಲ.

ಸಿದ್ದಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮಣೆಯ ಮೇಲೆ ಕೂತಳು. “ನಾನು ತಿನ್ನಂಗಿಲ್ಲ ಕಣವ್ವ. ಕಾಶೀಲಿ ಬುಟ್ಟುಬಂದಿವ್ನಿ.”

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಅದನ್ನು ಜನ್ಮದಲ್ಲಿ ಮುಟ್ಟಬಾರದು. ಇದು ನಿಸರ್ಗಳಿಗೆ ಗೊತ್ತಿದ್ದದ್ದೇ. ಜನ ಉಪಾಯವಾಗಿ ಹಾಗಲಕಾಯಿ ಬಿಟ್ಟು ಬರುವುದೂ ಗೊತ್ತಿತ್ತು.

“ನಿಮ್ಮ ತಾತ ಸೀಬೆಹಣ್ಣು ಬುಟ್ರು. ಮೊದ್ಲೇ ಹಲ್ಲಿರ್ಲಿಲ್ಲ, ಪುಣ್ಯಾತ್ಮಂಗೆ” ಎಂದು ಅಜ್ಜಿ ನಕ್ಕಳು. “ನಂಗೆ ಹಂಗೆ ಮನಸ್ಸು ಬರ್ಲಿಲ್ಲ. ದೇವರ ಮುಂದೆ ನಿಂತ್ಕಂಡು ಲೆಕ್ಕಾಚಾರ ಮಾಡೋಕಾಯ್ತದಾ? ಯಾವುದು ಬಲೇ ಇಷ್ಟವೋ ಅದನ್ನೇ ಬುಟ್ಟೆ. ಇಪ್ಪತ್ತೆರಡು ವರ್ಷ ಆಯ್ತು.”

“ಯಾರಿಗೂ ಹೇಳ್ಲಿಲ್ವಾ?”

“ಬುಟ್ಟಿದ್ದನ್ನ ಹೇಳ್ಕಂಡು ತಿರುಗಿದ್ರೆ ಅದು ಬುಟ್ಟಂಗಾಯ್ತದಾ?”

ನಿಸರ್ಗ ಹೊಸ್ತಿಲ ಮೇಲೇ ಕೂತುಬಿಟ್ಟಳು. ಊರಿನ ಅರ್ಧ ಮದುವೆಗಳಿಗೆ ಈ ಕೈ ಸಿಹಿ ಹಂಚಿತ್ತು. ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ತೊಳೆದುಕೊಂಡಿತ್ತು.

“ಹಂಗಾದ್ರೆ ರುಚಿ ಹೆಂಗೆ ಗೊತ್ತಾಗ್ತಿತ್ತು ನಿಮಗೆ?”

“ಮೂಗು ಐತಲ್ಲ. ಇವತ್ತು ಅದೂ ಕಟ್ಟೋಗಿತ್ತು.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿಮ್ಮಪ್ಪಂಗೆ ಉಪ್ಪು ಹಾಕಿಕೊಟ್ರೂ ಚೆನ್ನಾಗೈತೆ ಅಂತಾನೆ. ಕಾಶಿಯಿಂದ ಬಂದ್ಮೇಲೆ ಒಂದೆರಡು ವರ್ಷ ಕುರುಡಿ ಮಾಡ್ದಂಗೆ ಮಾಡ್ದೆ. ಆಮೇಲೆ ನೀನು ಹುಟ್ಟಿದೆ. ಮೊದಲ್ನೇ ಸಲ ಬಾಯಿಗಿಟ್ಟಾಗ ನೀನು ಕಣ್ಣು ಮುಚ್ಕಂಡು ಕಾಲು ಆಡಿಸ್ದೆ ನೋಡು, ಅವತ್ತು ನಂಗೆ ಗೊತ್ತಾಯ್ತು, ಏಲಕ್ಕಿ ಸರ್ಯಾಗೈತೆ ಅಂತ.”

ಸಾವಿರ ಮುಖಗಳನ್ನು ಪರದೆಯ ಮೇಲೆ ಬಾಯಿ ಬಿಟ್ಟುಕೊಂಡು ನೋಡಿದವಳು ನಿಸರ್ಗ. ತನ್ನ ಮುಖವನ್ನು ಒಬ್ಬಳು ಇಷ್ಟು ವರ್ಷ ಅಷ್ಟೇ ಆಸೆಯಿಂದ ನೋಡುತ್ತಿದ್ದಾಳೆ ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ. ತಿನ್ನುತ್ತಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು.

“ಹೇಳ್ಬಾರ್ದಿತ್ತಾ ಅಜ್ಜಿ? ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ.”

“ವಯಸ್ಸಿನ ಹುಡುಗಿ ಸಿನಿಮಾಕ್ಕೆ ಹೋಗ್ದಂಗೆ ಕಟ್ಟಾಕಕ್ಕೆ ಆಯ್ತದಾ? ಆಗಿದ್ದಾಯ್ತು ಬುಡು. ಏಳು, ಐದಕ್ಕೆ ಇನ್ನೂ ಹೊತ್ತೈತೆ.”

ಆಮೇಲೆ ಆ ಮನೆಯಲ್ಲಿ ನಡೆದ ಗಡಿಬಿಡಿಯನ್ನು ನೋಡಬೇಕಿತ್ತು. ದಯಾನಂದ್ ಪೇಪರು ಬಿಸಾಡಿ ಅಟ್ಟ ಹತ್ತಿದ. ಅಜ್ಜಿ ಅಲ್ಲಾಡಿಸಿ ಆರಿಸಿಕೊಟ್ಟ ಕಾಯಿಗಳ ಚಿಪ್ಪನ್ನು ಅವನು ಬಿಡಿಸಿದ. ನಿಸರ್ಗ ಪ್ರತಿ ಕೊಬ್ಬರಿಯಿಂದಲೂ ಒಂದು ಚೂರು ಕಚ್ಚಿ ನೋಡಿ, ಆಮೇಲೇ ತುರಿಯಲು ಕೊಟ್ಟಳು. ಎರಡನ್ನು ಪಕ್ಕಕ್ಕೆಸೆದಳು. ಬೆಲ್ಲದ ಪಾಕ ಕುದಿಯಿತು, ಏಲಕ್ಕಿ ಬಿತ್ತು. ಎದುರುಮನೆಯ ಮುಂದೆ ತುರುವೇಕೆರೆಯ ಎರಡು ಕಾರು ಬಂದು ನಿಂತ ಹೊತ್ತಿಗೆ ಸರಿಯಾಗಿ ಬಾಣಲೆ ಕೆಳಗಿಳಿಯಿತು.

ಸಿದ್ದಗಂಗಮ್ಮ ಬಿಸಿ ಉಂಡೆಯೊಂದನ್ನು ಊದಿ ಮೊಮ್ಮಗಳ ಬಾಯಿಗಿಟ್ಟಳು. ಎದುರಿಗೆ ಕೂತಳು.

ನಿಸರ್ಗಳ ಕಣ್ಣು ತುಂಬಿ ಬಂತು. ಬಾಯಲ್ಲಿ ಏನಿದೆಯೆಂದೇ ತಿಳಿಯಲಿಲ್ಲ.

“ಅಳ್ತಾ ತಿಂದ್ರೆ ನಂಗೇನು ಗೊತ್ತಾಯ್ತದೆ?” ಅಜ್ಜಿ ಗದರಿದಳು. “ಕಣ್ಣೊರೆಸ್ಕಂಡು ಸರ್ಯಾಗಿ ತಿನ್ನೇ.”

ಇನ್ನೊಂದು ಉಂಡೆ ಬಂತು. ನಿಸರ್ಗ ಕಣ್ಣು ಮುಚ್ಚದೆ, ಅವಸರ ಮಾಡದೆ ಅಗಿದಳು. ಕೊಬ್ಬರಿ ಬೆಲ್ಲದಲ್ಲಿ ಕರಗಿ ನಾಲಿಗೆಯ ಮೇಲೆ ಹರಡಿತು. ಎದುರಿಗೆ ಅಜ್ಜಿಯ ತುಟಿ ತುಸುವೇ ಬಿಚ್ಚಿತು, ಖಾಲಿ ದವಡೆ ಮೆಲ್ಲಗೆ ಆಡಿತು. ನಿಸರ್ಗ ನುಂಗಿದಾಗ ಅಜ್ಜಿಯೂ ನುಂಗಿದಳು.

“ಸರ್ಯಾಗೈತೆ” ಎಂದಳು ಸಿದ್ದಗಂಗಮ್ಮ.