ಆ ಹೊತ್ತಿಗೆ ಜಾಲರಿ ಇರಲಿಲ್ಲ

ಎಡಗಡೆ ಲೈಟು ನೇರ ಕಣ್ಣಿಗೇ ಹೊಡೀತಾ ಇದೆ, ಒಂಚೂರು ತಿರುಗಿಸಿ ಅಂತ ಆಗಲೇ ಹೇಳಿದ್ದೆ, ಆಯ್ತಮ್ಮ ಆಯ್ತಮ್ಮ ಅಂದ ಕಾರ್ಯದರ್ಶಿ ಅತ್ತ ಹೋದೋನು ಇತ್ತ ತಲೆ ಹಾಕಿಲ್ಲ, ಹೋಗಲಿ, ನನ್ನ ಮುಖ ಕಂಡರೆ ಸಾಕು, ಮುಖ ಮತ್ತೆ ಎರಡು ಕೈ — ಮೊದಲನೇ ಸಾಲಿನಲ್ಲಿ ಕೂತಿರೋ ಒಂಬತ್ತು ಜನ ಕಿವುಡರಿಗೆ ಈ ಸಭೆಯಲ್ಲಿ ಬೇಕಾಗಿರೋದು ಅಷ್ಟೇ. ಕೈ ಎದ್ದು ಕಾಣಲಿ ಅಂತ ದುಭಾಷಿ ಕಪ್ಪು ಬಟ್ಟೆ ಹಾಕಬೇಕು, ಮಟಮಟ ಮಧ್ಯಾಹ್ನ, ಬೆವರು ಬೆನ್ನು ಹಿಡಿದು ಇಳೀತಾ ಇದೆ, ಒರೆಸಿಕೊಳ್ಳೋಕೆ ಕೈ ಖಾಲಿ ಇಲ್ಲ, ಸದ್ಯಕ್ಕೆ ನನ್ನ ಕೈಯಲ್ಲಿ ಕಾರ್ಖಾನೆ ಯಜಮಾನರು ಮಾತಾಡ್ತಾ ಇದಾರೆ. ಶ್ರೀಮಂತಿಕೆ ಅಪರಾಧ ಅಲ್ಲ, ಅಂತಾರೆ ಅವರು, ಕೈಯಲ್ಲಿ ಶ್ರೀಮಂತಿಕೆ ಹೇಳೋಕೆ ತೋಳು ಪೂರ್ತಿ ಬೇಕು, ಎದೆಯಿಂದ ಹೊರಗೆ ತುಂಬಿ ತುಂಬಿ ಹರಡಬೇಕು, ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ಹರಡಿದೀನಿ, ಭುಜ ಬಿದ್ದುಹೋಗ್ತಿದೆ. ತಗಡಿನ ಶೆಡ್ಡು, ಒಂದೇ ಒಂದು ಪ್ರೆಸ್ ಮಷೀನು, ಅಲ್ಲಿಂದ ಶುರು ಮಾಡಿದೋನು ನಾನು, ಅಂತಾರೆ, ಇವತ್ತು ಮುನ್ನೂರು ಮನೆಯ ಒಲೆ ಉರೀತಿದೆ — ಒಲೆ, ಉರಿ, ಮುನ್ನೂರು — ಸುಳ್ಳಲ್ಲ, ಅದು ಸುಳ್ಳಲ್ಲ. ಮೇಯರ್ ಆಗೋಕೆ ನಿಂತಿರೋರು ಹೇಳೋದೆಲ್ಲ ಸುಳ್ಳು ಅಂದುಬಿಟ್ಟರೆ ಬದುಕು ಎಷ್ಟು ಸಲೀಸು, ಆದರೆ ಈ ಮನುಷ್ಯ ಬೆಳಗ್ಗೆ ಆರಕ್ಕೆ ಕಾರ್ಖಾನೆ ಗೇಟಿನಲ್ಲಿ ನಿಂತಿರ್ತಿದ್ದಿದ್ದನ್ನ ನಾನೇ ನೋಡಿದೀನಿ, ಕಿವುಡರ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟಿದ್ದೂ ನಿಜ, ಆ ಕೋಣೆಯಲ್ಲೇ ನಾನು ಪಾಠ ಮಾಡೋದು, ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿದೆ, ಕೈಭಾಷೆಗೆ ಬೆಳಕೇ ಮುಖ್ಯ, ಅದನ್ನ ಕೇಳಿ ತಿಳಕೊಂಡೇ ಕಟ್ಟಿಸಿದ್ರು.

ಆ ಒಂಬತ್ತು ಜನರಲ್ಲಿ ನನ್ನ ಅಕ್ಕನೂ ಒಬ್ಬಳು, ಎರಡನೇ ಕುರ್ಚಿಯಲ್ಲಿ ಕೂತಿದಾಳೆ, ತುಟಿ ಒಂದು ಕಡೆ ಸೊಟ್ಟ ಮಾಡಿಕೊಂಡು, ಅಂದರೆ ನಂಬ್ತಾ ಇಲ್ಲ ಅಂತ ಅರ್ಥ, ಅಕ್ಕ ಯಾವಾಗಲೂ ಹಾಗೇ, ಶ್ರೀಮಂತರ ಮಾತು ಅಂದರೆ ಅವಳಿಗೆ ಮೊದಲು ಸೊಟ್ಟ ತುಟಿ, ಆಮೇಲೆ ವಿಚಾರ. ನಾನು ಹಾಗಲ್ಲ. ನನಗೆ ಯಜಮಾನರ ಬೂಟು ಇಷ್ಟ, ಹೇಳೋಕೇನು ನಾಚಿಕೆ, ಕನ್ನಡಿ ಇದ್ದಂಗಿದೆ, ನನ್ನ ಗಂಡ ಕಾಲಿಗೆ ಅಂಥದ್ದು ಹಾಕ್ಕೊಂಡು ಒಂದಿನ ನಡೆದರೆ ಹೇಗಿರುತ್ತೆ ಅಂತ ಈಗಷ್ಟೇ ಯೋಚಿಸಿದೆ, ಯಜಮಾನರು ಬಡವರನ್ನ ಕಂಡರೆ ಮೈಗಳ್ಳರು ಅಂತಾರೆ, ನನ್ನ ಗಂಡನೂ ಹಾಗೇ ಅಂತಾರೆ, ಟೈಲರಿಂಗ್ ಅಂಗಡಿ ಇಟ್ಟುಕೊಂಡು ಬೆಳಗಿಂದ ಸಂಜೆವರೆಗೂ ತುಳಿದೂ ತುಳಿದೂ ಮಂಡಿ ಸವೆಸಿಕೊಂಡಿರೋ ಮನುಷ್ಯ, ತಾನು ಬಡವ ಅನ್ನೋದು ಇನ್ನೂ ಅವರ ಗಮನಕ್ಕೇ ಬಂದಿಲ್ಲ. ನಗು ಬರ್ತಿದೆ, ನಗಬಾರದು, ನಾನು ನಕ್ಕರೆ ಯಜಮಾನರು ನಕ್ಕ ಹಾಗೆ ಆಗುತ್ತೆ, ಅವರೀಗ ಗಂಭೀರವಾಗಿ ಹೊಣೆ ಅನ್ನೋ ಮಾತಿಗೆ ಬಂದಿದಾರೆ. ಸರ್ಕಾರ ಎಷ್ಟು ದಿನ ಅಂತ ಕೈ ಹಿಡಿದು ನಡೆಸುತ್ತೆ, ಒಬ್ಬೊಬ್ಬನೂ ತನ್ನ ಬದುಕಿಗೆ ತಾನೇ ಹೊಣೆ, ತನ್ನ ತಪ್ಪನ್ನ ತಾನು ಒಪ್ಪಿಕೊಳ್ಳೋನೇ ನಿಜವಾದ ನಾಯಕ — ಚಪ್ಪಾಳೆ, ಹಿಂದಿನ ಸಾಲಿನಿಂದ ಬರೋ ಚಪ್ಪಾಳೆಯನ್ನೂ ನಾನೇ ಮಾಡಿ ತೋರಿಸಬೇಕು, ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ, ಎಲ್ಲರೂ ಮೆಚ್ಚಿಕೊಂಡ್ರು ಅಂತ. ಅವರು ಕೈಗಡಿಯಾರ ತಿರುಗಿಸಿಕೊಳ್ತಾರೆ. ಮಾತು ಮುಗಿದಾಗೆಲ್ಲ ತಿರುಗಿಸೋದು, ಅಭ್ಯಾಸ, ಅದಕ್ಕೇ ನಮ್ಮವರು ಅವರಿಗೆ ಗಡಿಯಾರ ಅಂತಲೇ ಹೆಸರಿಟ್ಟಿದಾರೆ, ಮಣಿಕಟ್ಟಿನ ಮೇಲೆ ಎರಡು ಬೆರಳು ತಿರುವಿದರೆ ಯಜಮಾನರು ಅಂತ, ಕಿವುಡರು ಎಲ್ಲರಿಗೂ ಹೆಸರಿಡ್ತಾರೆ, ನನಗೆ ಜಡೆ, ಅಕ್ಕನಿಗೆ ಮಚ್ಚೆ, ಕೊನೇ ಕುರ್ಚಿಯಲ್ಲಿ ಕೂತಿರೋನಿಗೆ ಗುಳಿಕೆನ್ನೆ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಲ್ಲ, ಬೀಳ್ತಿತ್ತು.

ಈಗ ಪ್ರಶ್ನೆ ಕೇಳಬಹುದು, ಅಂತಾನೆ ಕಾರ್ಯದರ್ಶಿ, ಚುಟುಕಾಗಿರಲಿ, ದಯವಿಟ್ಟು. ಚರಂಡಿ ಬಗ್ಗೆ ಒಬ್ಬರು, ಬಸ್ಸಿನ ಬಗ್ಗೆ ಒಬ್ಬರು, ಹೇಳ್ತೀನಿ, ತಿರುಗಿ ಹೇಳ್ತೀನಿ, ಸಲೀಸು, ಇನ್ನು ಹತ್ತು ನಿಮಿಷ, ಆಮೇಲೆ ಮನೆ, ತಣ್ಣೀರು, ಕಾಲು ಚಾಚಿ ಮಲಗೋದು — ಅಯ್ಯೋ, ಗುಳಿಕೆನ್ನೆ ಎದ್ದ. ಕೂತ್ಕೋ ಮಾರಾಯ. ಎದ್ದುಬಿಟ್ಟ, ಬಲಗೈ ಎತ್ತಿದಾನೆ, ಮೂರು ಬೆರಳಿನ ಕೈ, ಉಂಗುರದ ಬೆರಳೂ ಕಿರುಬೆರಳೂ ಇಲ್ಲ, ಹೋದ ವರ್ಷ ಯಜಮಾನರ ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಹೋದವು, ನಮಗೆ ಬೆರಳು ಹೋದರೆ ಬೆರಳು ಹೋಯ್ತು, ಅವನಿಗೆ ಅರ್ಧ ನಾಲಿಗೆ ಹೋದ ಹಾಗೆ, ಕೆಲವು ಪದ ಈಗ ತೊದಲ್ತಾನೆ, ಎಡಗೈಯಿಂದ ಸಾಲ ತಗೋತಾನೆ. ಹಾಲ್ ಪೂರ್ತಿ ಅವನ ಕಡೆ ತಿರುಗಿತು. ನನ್ನ ಕುತ್ತಿಗೆ ಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸಿದಾರೆ, ಅವನು ಕೈಯಲ್ಲಿ ಹೇಳಿದ್ದನ್ನ ನಾನು ಬಾಯಲ್ಲಿ ಹೇಳಬೇಕು, ನಾನು ಅಂತಲೇ ಹೇಳಬೇಕು, ಇವರು ಕೇಳ್ತಿದಾರೆ ಅನ್ನಬಾರದು, ಅದು ನಿಯಮ, ಅವನ ನಾನು ನನ್ನ ನಾನು. ನಾನು ನಿಮ್ಮ ಮಷೀನಿನಲ್ಲಿ ಹನ್ನೆರಡು ವರ್ಷ ದುಡಿದೆ, ಅಂತೀನಿ ಮೈಕಿನಲ್ಲಿ, ನನ್ನ ದನಿ ನನಗೇ ಬೇರೆ ಥರ ಕೇಳ್ತಿದೆ, ಒಬ್ಬೊಬ್ಬ ತನ್ನ ತಪ್ಪಿಗೆ ತಾನೇ ಹೊಣೆ ಅಂದ್ರಿ, ಸರಿ, ಒಪ್ಪಿದೆ, ಹಾಗಾದರೆ ಪ್ರೆಸ್ಸಿನ ಮುಂದೆ ಕೈಗೆ ಅಡ್ಡ ಇರೋ ಜಾಲರಿ, ಅದನ್ನ ಬಿಚ್ಚಿಸಿದ್ದು ಯಾರು?

ಹೇಳಿಬಿಟ್ಟೆ. ಬಿಚ್ಚಿಸಿದ್ದು, ಅಂದೆ, ಪೂರ್ತಿ ಅಂದೆ, ಒಂದಕ್ಷರ ಬಿಡದೆ. ಯಜಮಾನರು ತಲೆ ಆಡಿಸ್ತಾರೆ, ಸಿಟ್ಟಿಲ್ಲ, ಮರುಕ ಇದೆ ಮುಖದಲ್ಲಿ, ಈ ಅಣ್ಣನ ನೋವು ನನಗೂ ನೋವೇ, ಅಂತಾರೆ, ಆದರೆ ವಿಚಾರಣೆ ಆಗಿದೆ, ವರದಿ ಇದೆ, ಅವರೇ ಹೇಳಿಕೆ ಕೊಟ್ಟಿದಾರೆ, ಆ ಹೊತ್ತಿಗೆ ಜಾಲರಿ ಇರಲಿಲ್ಲ ಅಂತ, ಇಲ್ಲ ಅಂತ ಗೊತ್ತಿದ್ದೂ ಕೈ ಇಟ್ಟರೆ ಯಾರು ಹೊಣೆ ಹೇಳಿ, ನಾನು ಹೇಳಿದ ಮಾತಲ್ಲ ಇದು, ಅವರ ಬಾಯಿಂದಲೇ ಬಂದ ಮಾತು. ಅವರ ಬಾಯಿಂದಲೇ. ಕೈ ನಿಂತುಹೋಯ್ತು ನಂದು. ಮೊದಲನೇ ಸಾಲು ಕಾಯ್ತಿದೆ, ಒಂಬತ್ತು ಮುಖ, ಏನಂದ್ರು ಏನಂದ್ರು ಅಂತ ಅಕ್ಕ ಗಲ್ಲ ಎತ್ತಿ ಕೇಳ್ತಿದಾಳೆ, ಇದನ್ನ ಹೇಳಿದರೆ ಅವನಿಗೆ ಗೊತ್ತಾಗುತ್ತೆ, ಹೇಳದಿದ್ದರೆ ಗೊತ್ತಾಗಲ್ಲ, ವರದಿ ಇದೆ, ವಿಷಾದ ಇದೆ ಅಂತಾರೆ ಅಂತ ಏನೋ ಒಂದು ತಿರುವಿದರೆ ಸಾಕು, ಎರಡು ಸೆಕೆಂಡಿನ ಕೆಲಸ, ನನಗೆ ಬರುತ್ತೆ ಆ ಕೆಲಸ, ಒಂದು ಸಲ ಮಾಡಿ ಗೊತ್ತಿದೆ. ಅವತ್ತು ವಿಚಾರಣೆ ದಿನ, ಕಾರ್ಖಾನೆಯ ಮೇಲಿನ ಕೋಣೆ, ಉದ್ದ ಮೇಜು, ಮೇಜಿನಾಚೆ ಏಳು ಜನ, ಈಚೆ ಅವನೂ ನಾನೂ, ಅವನ ಕೈಗೆ ಇನ್ನೂ ಬ್ಯಾಂಡೇಜು, ಎಡಗೈ ಒಂದರಲ್ಲೇ ಹೇಳ್ತಿದ್ದ, ಬ್ಯಾಂಡೇಜಿನ ಮಣಿಕಟ್ಟಿನ ಮೇಲೆ ಎರಡು ಬೆರಳು ತಿರುವಿ, ಗಡಿಯಾರ, ಆಮೇಲೆ ಜಾಲರಿ, ಆಮೇಲೆ ಬಿಚ್ಚೋದು — ಕೆಲಸ ನಿಧಾನ ಆಗುತ್ತೆ ಅಂತ ಯಜಮಾನರೇ ನಿಂತು ಬಿಚ್ಚಿಸಿದ್ರು ಅಂತ, ಎಳೇ ಮಗುವಿಗೂ ಅರ್ಥ ಆಗೋ ಮಾತು, ನನಗೆ ಅರ್ಥ ಆಗದೆ ಇರುತ್ತಾ, ನಾನು ಅಕ್ಕನ ಕೈ ನೋಡ್ಕೊಂಡೇ ಮಾತು ಕಲಿತೋಳು. ಯಜಮಾನರು ಎದುರಿಗೇ ಕೂತಿದ್ರು. ಏನು ಹೇಳ್ತಿದಾರಮ್ಮ, ಅಂದ್ರು. ನನ್ನ ಬಾಯಿ ತೆರೀತು, ಅದರೊಳಗಿಂದ ಬಂತು, ಆ ಹೊತ್ತಿಗೆ ಜಾಲರಿ ಇರಲಿಲ್ಲ. ಗಡಿಯಾರಕ್ಕೂ ಹೊತ್ತಿಗೂ ಒಂದೇ ಸನ್ನೆ ತಾನೇ, ಯಾರು ಬೇಕಾದರೂ ಎಡವಬಹುದು, ಆ ರಾತ್ರಿಯೆಲ್ಲ ಹಾಗೇ ಹೇಳಿಕೊಂಡೆ, ಎಡವಿದೆ ಅಂತ. ಬಿಚ್ಚಿಸಿದ್ರು ಅಂದರೆ ಬಿಚ್ಚಿಸಿದೋರು ಒಬ್ಬರು ಇರಬೇಕು, ಇರಲಿಲ್ಲ ಅಂದರೆ ಯಾರೂ ಬೇಡ, ಜಾಲರಿ ತಾನಾಗೇ ಎದ್ದು ಹೋದ ಹಾಗೆ. ಬರೆಯೋನು ಬರೆದುಕೊಂಡ. ನಾನು ಹೇಳಿದ್ದು ಗುಳಿಕೆನ್ನೆಗೆ ಕೇಳಿಸಲಿಲ್ಲ, ಕೇಳಿಸೋ ಹಾಗಿದ್ದಿದ್ದರೆ ನಾನು ಯಾಕೆ ಬೇಕಿತ್ತು, ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಅದುಮಿದ, ಚೆನ್ನಾಗಿ ಹೇಳಿದೆ ಅಂತ.

ಕೈ ಎತ್ತಿದೆ. ಎತ್ತಿ, ಯಜಮಾನರು ಅಂದಿದ್ದನ್ನ ಅಂದ ಹಾಗೇ ಇಟ್ಟೆ, ಆ ಹೊತ್ತಿಗೆ, ಜಾಲರಿ, ಇರಲಿಲ್ಲ, ನಿನ್ನ ಬಾಯಿಂದಲೇ ಬಂದ ಮಾತು. ಗುಳಿಕೆನ್ನೆ ನೋಡ್ತಾನೆ. ಇನ್ನೊಂದು ಸಲ, ಅಂತಾನೆ. ಇನ್ನೊಂದು ಸಲ ಹೇಳ್ತೀನಿ. ನನ್ನ ಬಾಯಾ, ಅಂತ ತುಟಿ ಮುಟ್ಟಿಕೊಂಡು ಕೇಳ್ತಾನೆ, ಅವನ ಹುಬ್ಬು ಗಂಟಾಗಿ, ನಿಧಾನಕ್ಕೆ ಬಿಚ್ಚಿಕೊಂಡು — ತಿಳೀತು, ಅವನಿಗೆ ತಿಳೀತು, ತಿಳಿಯೋದು ಹೀಗೆ ಕಣ್ಣಿಗೆ ಕಾಣುತ್ತಾ. ಮುಂದಿನ ಪ್ರಶ್ನೆ, ಅಂತಾನೆ ಕಾರ್ಯದರ್ಶಿ. ಇಲ್ಲ, ಅಂದೆ. ಇಲ್ಲ ಅಂದಿದ್ದು ನಾನು, ಇದು ಬೇರೆ ಯಾರ ನಾನೂ ಅಲ್ಲ, ಇಪ್ಪತ್ತು ವರ್ಷದಲ್ಲಿ ಮೈಕಿನಲ್ಲಿ ನನ್ನ ಮಾತು ಒಂದೂ ಆಡಿದೋಳಲ್ಲ, ಇದು ದುಭಾಷಿಯ ಮಾತು, ಅಂದೆ, ಅವತ್ತು ವಿಚಾರಣೆಯಲ್ಲಿ ಬಾಯಿ ನಂದು, ಅವನು ಹೇಳಿದ್ದು ಯಜಮಾನರು ಜಾಲರಿ ಬಿಚ್ಚಿಸಿದ್ರು ಅಂತ, ನಾನು ಹಾಗೆ ಹೇಳಲಿಲ್ಲ, ಗೊತ್ತಿದ್ದೂ ಹೇಳಲಿಲ್ಲ. ಆಮೇಲೆ ಗುಸುಗುಸು, ಕುರ್ಚಿ ಎಳೆಯೋ ಸದ್ದು, ಯಾರೋ ಫೋನ್ ಎತ್ತಿ ಹಿಡಿದ್ರು. ಯಜಮಾನರು ಮುಖ ಕೆಡಿಸಿಕೊಳ್ಳಲಿಲ್ಲ, ಅಮ್ಮ ಸುಸ್ತಾಗಿದೀರ, ನೀರು ಕುಡೀರಿ, ಅಂತ ತಮ್ಮ ಮುಂದಿದ್ದ ಬಾಟಲಿಯನ್ನ ನನ್ನ ಕಡೆ ಸರಿಸಿದ್ರು, ಸ್ವಂತ ಕೈಯಿಂದ — ಅವತ್ತೂ ಹೀಗೇ, ನಾನು ಬಾಯಿ ತೆರೆಯೋಕೆ ಮೊದಲೇ, ಆ ಉದ್ದ ಮೇಜಿನ ಮೇಲೆ ತಮ್ಮ ಲೋಟ ನನ್ನ ಕಡೆ ಸರಿಸಿದ್ರು, ಬಿಸಿಲಲ್ಲಿ ಬಂದಿದೀರ ಕುಡೀರಮ್ಮ ಅಂತ, ಅಷ್ಟು ದೊಡ್ಡವರು. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ, ಆಗಿನ್ನೂ ಕಟ್ಟಿಸ್ತಾ ಇದ್ದ ಶಾಲೆಯ ಕೋಣೆಯ ಮಾತು ಎತ್ತಲಿಲ್ಲ, ನಾನೇ ಒಳಗೊಳಗೆ ಎತ್ತಿಕೊಂಡೆ, ಕೋಣೆ ಅರ್ಧಕ್ಕೆ ನಿಂತರೆ ಅಂತ, ಮಕ್ಕಳು ಎಲ್ಲಿ ಕೂರಬೇಕು ಅಂತ, ಒಬ್ಬನ ಎರಡು ಬೆರಳು ಹೋಗಿವೆ, ಮತ್ತೆ ಬರಲ್ಲ, ನಲವತ್ತು ಮಕ್ಕಳ ಕೋಣೆ ಬರುತ್ತೆ ಅಂತ, ತೂಕ ಹಾಕಿ ನೋಡಿದ ಹಾಗಿತ್ತು, ಬಲು ಜವಾಬ್ದಾರಿ ಹೆಂಗಸು ಅನ್ನಿಸಿತ್ತು ನನಗೆ ನಾನೇ. ಆದರೆ ಅದೆಲ್ಲ ಲೋಟ ಕೈಗೆ ಬಂದ ಮೇಲೆ ಬಂದ ಯೋಚನೆ.

ಹಿಂದಿನಿಂದ ಒಬ್ಬ ಹೆಂಗಸು ಎದ್ದಳು, ಪ್ಯಾಕಿಂಗ್ ವಿಭಾಗದವಳಂತೆ, ನಿಜ ಕಣ್ರೀ, ಬಿಚ್ಚಿಸಿದಾಗ ನಾನು ಅಲ್ಲೇ ಇದ್ದೆ, ಆ ಜಾಲರಿ ಈಗಲೂ ಗೋದಾಮಿನ ಮೂಲೇಲಿ ಬಿದ್ದಿದೆ ಹೋಗಿ ನೋಡಿ, ಅಂದಳು, ಅವಳ ಪಕ್ಕದೋನು ಹೌದು ಅಂದ, ಯಜಮಾನರು ಒಂದು ಕ್ಷಣ ನೆಲ ನೋಡಿದ್ರು, ಗಡಿಯಾರ ತಿರುಗಿಸಿಕೊಂಡ್ರು, ಆಮೇಲೆ ಮೈಕಿನ ಹತ್ತಿರ ಬಂದು, ನಾನು ಓಡಿಹೋಗೋನಲ್ಲ, ನಾಳೆಯೇ ಹೊಸದಾಗಿ ವಿಚಾರಣೆ ಮಾಡಿಸ್ತೀನಿ, ನನ್ನ ತಪ್ಪಿದ್ದರೆ ನಾನೇ ಹೊಣೆ, ಎಲ್ಲರ ಮುಂದೆ ಹೇಳ್ತಿದೀನಿ, ಅಂದ್ರು. ಚಪ್ಪಾಳೆ ಬಿತ್ತು. ಭಾಷಣಕ್ಕಿಂತ ಜೋರಾಗಿ ಬಿತ್ತು. ಇದರಿಂದಲೂ ಅವರಿಗೆ ನಾಲ್ಕು ಓಟು ಹೆಚ್ಚೇ ಬರಬಹುದು, ಬರಲಿ, ವಿಚಾರಣೆ ಆದರೆ ಸಾಕು, ಆಗುತ್ತಾ, ಆಗಬೇಕು, ಜಾಲರಿ ಮೂಲೇಲಿದೆಯಂತಲ್ಲ. ಕಾರ್ಯದರ್ಶಿ ಬಂದು ನನ್ನ ಕುತ್ತಿಗೆ ಪಟ್ಟಿಯಿಂದ ಮೈಕು ಕಿತ್ತುಕೊಂಡ, ಹೊರಡಿ, ನಾಳೆಯಿಂದ ನೀವು ಬೇಡ, ಅಂದ, ಹಲ್ಲು ಕಚ್ಚಿಕೊಂಡು, ನಾನು ತಲೆ ಆಡಿಸಿದೆ. ಮೊದಲನೇ ಸಾಲಿಗೆ ಇದ್ಯಾವುದೂ ಗೊತ್ತಿಲ್ಲ. ನಾನು ಬಾಯಲ್ಲಿ ಹೇಳಿಬಿಟ್ಟೆ, ಕೇಳಿಸೋರಿಗೆಲ್ಲ ಹೇಳಿಬಿಟ್ಟೆ, ಯಾರಿಗೆ ಹೇಳಬೇಕಿತ್ತೋ ಅವರಿಗೆ ಬಿಟ್ಟು, ಅಕ್ಕ ತೊಡೆ ತಟ್ಟಿ ಕೇಳ್ತಿದಾಳೆ, ಏನಾಗ್ತಿದೆ ಅಂತ. ವೇದಿಕೆಯಿಂದ ಇಳಿದೆ, ಮೂರು ಮೆಟ್ಟಿಲು, ಗುಳಿಕೆನ್ನೆಯ ಎದುರು ನಿಂತುಕೊಂಡೆ, ಹೇಳಿದೆ, ಎಲ್ಲ, ಅವತ್ತಿನ ಕೋಣೆ, ನಿನ್ನ ಕೈ ಏನು ಹೇಳ್ತು, ನನ್ನ ಬಾಯಿ ಏನು ಹೇಳ್ತು, ಈಗ ಏನು ಹೇಳಿದೆ, ವಿಚಾರಣೆ ಮತ್ತೆ ಆಗುತ್ತಂತೆ, ಎಲ್ಲ ಹೇಳಿದೆ. ಅಕ್ಕ ನನ್ನ ಕೈ ನೋಡ್ತಾ ನೋಡ್ತಾ ಮುಖ ಆಚೆ ತಿರುಗಿಸಿದಳು, ಕಿವುಡರು ಮುಖ ತಿರುಗಿಸಿದರೆ ಮಾತು ಮುಗೀತು ಅಂತ, ಬಾಗಿಲು ಹಾಕಿದ ಹಾಗೆ. ಅವನು ತಿರುಗಿಸಲಿಲ್ಲ. ಹೊಡೀತಾನೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬಲಗೈ ಎತ್ತಿ, ಎದೆಯ ಮುಂದೆ ಅಂಗೈ ಮೇಲೆ ಮಾಡಿ ಹಿಡಿದ, ಮೂರು ಬೆರಳು ಸ್ವಲ್ಪ ಅಲ್ಲಾಡಿಸಿದ, ಅಷ್ಟೇ, ಯಾಕೆ, ಅಂತ. ಯಾಕೆ ಅಂದರೆ — ಕೋಣೆ, ಮಕ್ಕಳು, ಕಿಟಕಿ, ಬೆಳಕು, ಅಲ್ಲ, ಏಳು ಜನ ಇದ್ದರು, ಅಲ್ಲ, ನೀರು, ಅವರು ನೀರು ಕೊಟ್ಟರು, ಅದನ್ನ ಕೈಯಲ್ಲಿ ಹೇಗೆ ಹೇಳಲಿ, ಬಾಯಲ್ಲಾದರೆ ಹೇಗೋ ಸುತ್ತಿ ಬಳಸಿ, ಕೈಯಲ್ಲಿ ಹೇಳಿದರೆ ಬರೀ ನೀರು ಅಂತಲೇ ಕಾಣುತ್ತೆ, ಒಂದು ಲೋಟ ನೀರು, ಹಾಲ್ ಖಾಲಿ ಆಗ್ತಿದೆ, ಅವನ ಕೈ ಅಲ್ಲೇ ಇದೆ, ಇಳಿಸ್ತಾ ಇಲ್ಲ, ಮೂರು ಬೆರಳು, ಯಾಕೆ, ಅಂಗೈ ಮೇಲೆ ಮಾಡಿಕೊಂಡು, ಮೂರು ಬೆರಳು —